ಹೊಸ ಹಿಮದ ಪೂರ್ವಾಹ್ನ

ಕನ್ನಡದಲ್ಲಿ ಮಳೆಗಿರುವ ಹೆಸರುಗಳನ್ನು ಎಣಿಸಹೊರಟರೆ ಕೈಬೆರಳು ಸಾಲವು. ತುಂತುರು, ಸೋನೆ, ಜಡಿ, ಬಿರುಮಳೆ, ಮುಸಲಧಾರೆ. ನಕ್ಷತ್ರಕ್ಕೊಂದು ಮಳೆ, ಮಳೆಗೊಂದು ಗಾದೆ. ಹಿಮದ ಮಾತು ಬಂದಾಗ ಮಾತ್ರ ನಮ್ಮ ಭಾಷೆ ಬಡವಾಗುತ್ತದೆ. 'ಹಿಮ'ವೆಂಬುದು ಸಂಸ್ಕೃತದ ಸಾಲ. 'ಮಂಜು' ಎಂಬುದು ಮನೆಯ ಮಾತು. ಆ ಮಂಜಾದರೂ ಮಡಿಕೇರಿಯ ಬೆಟ್ಟದ ಮೇಲೆ ಬೆಳಗ್ಗೆ ಕವಿದು ಹತ್ತು ಗಂಟೆಗೆ ಚದುರುವ ಕಾವಳವೂ ಹೌದು, ಹುಲ್ಲಿನ ತುದಿಯ ಇಬ್ಬನಿಯೂ ಹೌದು. ಮುಂದೆ ಒಂದು 'ಗಡ್ಡೆ' ಸೇರಿಸಿದರೆ ಶರಬತ್ತಿನ ಲೋಟದೊಳಗಿನ ತುಂಡೂ ಹೌದು. ಇದರಲ್ಲಿ ಭಾಷೆಯ ಕೊರತೆಯೇನೂ ಇಲ್ಲ. ಬಾಗಿಲಿಗೆ ಬಾರದ ನೆಂಟನಿಗೆ ಯಾರು ತಾನೆ ನಾಲ್ಕು ಮುದ್ದಿನ ಹೆಸರಿಟ್ಟು ಕರೆಯುತ್ತಾರೆ?

ಕಾಶ್ಮೀರದ ಸಂಗತಿಯೇ ಬೇರೆ. ಅಲ್ಲಿ ಹಿಮ ನೆಂಟನಲ್ಲ, ಮನೆಯ ಹಿರಿಯ. ವರ್ಷದ ಮೊದಲ ಹಿಮ ಬಿದ್ದ ದಿನವನ್ನು ಹಬ್ಬವಾಗಿ ಆಚರಿಸಬೇಕೆಂದು, ಹಿಮವಂತನನ್ನು ಪೂಜಿಸಿ ಹೊಸ ಮದ್ಯವನ್ನು ಕುಡಿದು ಹಾಡುಪಾಡುಗಳಲ್ಲಿ ಕಳೆಯಬೇಕೆಂದು ನೀಲಮತ ಪುರಾಣವೇ ವಿಧಿಸುತ್ತದೆ. ಆ ನಾಡಿನ ಬಿಲ್ಹಣ 11ನೆಯ ಶತಮಾನದಲ್ಲಿ ನಮ್ಮ ಕಲ್ಯಾಣಕ್ಕೆ ಬಂದು, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿ ಮೆರೆದನಷ್ಟೆ. ಅರಸನ ಚರಿತೆಯನ್ನು ಹಾಡುವ 'ವಿಕ್ರಮಾಂಕದೇವಚರಿತ'ದ ಕಡೆಯ ಸರ್ಗವನ್ನು ಆತ ತನ್ನ ಹುಟ್ಟೂರಿನ ಕಡೆಗೆ ತಿರುಗಿಸಿಬಿಟ್ಟ. ತರಗತಿಯಲ್ಲಿ ಈ ಸಂಗತಿಯನ್ನು ಹೇಳುವಾಗಲೆಲ್ಲ, ಕಲ್ಯಾಣದ ಬೇಸಗೆಯಲ್ಲಿ ಬೀಸಣಿಗೆಯ ಕೆಳಗೆ ಕುಳಿತ ಕಾಶ್ಮೀರದ ಕವಿಗೆ ಏನೇನು ನೆನಪಾಗುತ್ತಿದ್ದಿರಬಹುದು ಎಂದು ನಾನು ಊಹಿಸುತ್ತಿದ್ದೆ. ಊಹೆಗೆ ಆಧಾರ ದೊರೆತದ್ದು 2024ರ ಫೆಬ್ರವರಿ ಮೊದಲ ವಾರದಲ್ಲಿ, ಗುಲ್ಮಾರ್ಗದ ಹೊಸ ಹಿಮದ ಮೇಲೆ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಕಳೆದ ಅರ್ಧ ದಿನದಲ್ಲಿ.

ಅದು ನನ್ನ ಮೂರನೆಯ ಚಳಿಗಾಲ. ಸೈನ್ಯದಲ್ಲಿರುವ ನನ್ನ ತಮ್ಮನಿಗೆ ಶ್ರೀನಗರಕ್ಕೆ ವರ್ಗವಾದದ್ದೇ ನೆಪವಾಗಿ, ಹಿಂದಿನ ಎರಡು ವರ್ಷ ಗುಲ್ಮಾರ್ಗದ ಬೋಗುಣಿಯಂಥ ಬಯಲಿನಲ್ಲಿ ಮಕ್ಕಳ ಜೊತೆ ಜಾರಲು ಕಲಿತಿದ್ದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ನಿಲ್ಲುವುದು, ತಿರುಗುವುದು, ತಡೆಯುವುದು ಇವು ಕೈವಶವಾಗಿದ್ದವು. ಹೊಸ ಹಿಮದ ಮೇಲೆ ಹೋಗಿರಲಿಲ್ಲ. ಹೋಗೋಣವೆಂದರೆ ಆ ವರ್ಷ ಹಿಮವೇ ಇಲ್ಲ!

ಇದನ್ನು ಸ್ವಲ್ಪ ವಿವರಿಸಬೇಕು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ 'ಚಿಲ್ಲೈ ಕಲಾನ್', ಎಂದರೆ ದೊಡ್ಡ ಚಳಿ. ಅನಂತರ 20 ದಿನ ಸಣ್ಣ ಚಳಿ, 10 ದಿನ ಮರಿ ಚಳಿ. ದೊಡ್ಡ ಚಳಿಯಲ್ಲಿ ಬಿದ್ದ ಹಿಮವೇ ನಿಲ್ಲುವ ಹಿಮ. ಬೇಸಗೆಯಲ್ಲಿ ತೊರೆಗಳಿಗೆ ನೀರೂಡುವುದು ಅದೇ. ಮೆಡಿಟರೇನಿಯನ್ ಕಡಲಿನ ದಿಕ್ಕಿನಿಂದ ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ ಚಳಿಗಾಲದ ಗಾಳಿಮೋಡಗಳು ಅದನ್ನು ತಂದು ಸುರಿಯಬೇಕು. 2024ರ ಜನವರಿಯಲ್ಲಿ ಅವು ಬರಲಿಲ್ಲ. ಗುಲ್ಮಾರ್ಗದ ಬಯಲು ಒಣಹುಲ್ಲಿನ ಕಂದು ಬಣ್ಣದಲ್ಲಿಯೇ ಉಳಿಯಿತು. ಬಿಸಿಲಿಗೆ ಮೈಯೊಡ್ಡಿದ ಆ ಬಯಲಿನ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಕೋಣೆ ಕಾಯ್ದಿರಿಸಿದವರು ರದ್ದು ಮಾಡಿದರು. ಮರದ ಜಾರುಬಂಡಿಯನ್ನು ಎಳೆದು ಪ್ರವಾಸಿಗಳನ್ನು ಕೂರಿಸಿಕೊಂಡು ಹೋಗುವವರು, ಬೂಟು ಬಾಡಿಗೆಗೆ ಕೊಡುವವರು, ಸ್ಕೀ ಕಲಿಸುವವರು ಎಲ್ಲರೂ ಆಕಾಶ ನೋಡುತ್ತ ಕುಳಿತರು. ಮುಂಗಾರು ತಪ್ಪಿದ ವರ್ಷ ನಮ್ಮ ಚಿತ್ರದುರ್ಗದ ಕಡೆಯ ರೈತನ ಮುಖ ಹೇಗಿರುತ್ತದೆಂದು ಬಲ್ಲವರಿಗೆ ಆ ಮುಖಗಳನ್ನು ವರ್ಣಿಸಬೇಕಾಗಿಲ್ಲ.

ತಿಂಗಳ ಕೊನೆಗೆ ಮೋಡ ಕವಿಯಿತು. ನಾನು ಟಂಗಮರ್ಗದಿಂದ 13 ಕಿಲೋಮೀಟರಿನ ತಿರುವುದಾರಿಯನ್ನು ಚಕ್ರಕ್ಕೆ ಸರಪಣಿ ಬಿಗಿದ ಗಾಡಿಯಲ್ಲಿ ಏರಿ ಬಂದ ಸಂಜೆ ದೀಪದ ಕಂಬದ ಸುತ್ತ ಹಿಮ ಹತ್ತಿಯೆಳೆಯಂತೆ ಇಳಿಯುತ್ತಿತ್ತು. ಮಳೆ ಬಂದರೆ ಹಂಚು ಹೇಳುತ್ತದೆ, ತಗಡು ಹೇಳುತ್ತದೆ. ಹಿಮ ಬಂದದ್ದನ್ನು ಯಾರೂ ಹೇಳುವುದಿಲ್ಲ. ಹೊರಗಿನ ಸದ್ದುಗಳು ಒಂದೊಂದಾಗಿ ಕಡಮೆಯಾಗುತ್ತವೆ. ಹೊಸ ಹಿಮದಲ್ಲಿ ಹರಳುಗಳ ನಡುವೆ ತುಂಬಿರುವುದು ಗಾಳಿ, ಅದು ಶಬ್ದವನ್ನು ನುಂಗುತ್ತದೆ ಎಂಬುದು ವಿಜ್ಞಾನ. ಆ ರಾತ್ರಿ ನಾಯಿಗಳು ಕೂಡ ಬೊಗಳಲಿಲ್ಲ.

ಗುಲ್ಮಾರ್ಗ ಸಮುದ್ರಮಟ್ಟದಿಂದ ಸುಮಾರು 2,650 ಮೀಟರು ಎತ್ತರದ ಹುಲ್ಲುಗಾವಲು. ಅದರ ನೆತ್ತಿಯ ಮೇಲೆ 4,000 ಮೀಟರನ್ನೂ ಮೀರಿ ಏರುವ ಅಫರ್ವತ್ ಬೆಟ್ಟ. ಗೌರೀಮಾರ್ಗವೆಂಬುದು ಹಳೆಯ ಹೆಸರು, 16ನೆಯ ಶತಮಾನದಲ್ಲಿ ಸುಲ್ತಾನ ಯೂಸುಫ್ ಶಾಹ ಚಕ್ ಅದನ್ನು ಹೂವಿನ ಮಾರ್ಗವಾಗಿಸಿದ ಎಂದು ಪ್ರತೀತಿ. ಜಹಾಂಗೀರ್ ಬಾದಶಹ ಇಲ್ಲಿ ಹೂಗಳನ್ನು ಆರಿಸಿದನಂತೆ. ಬ್ರಿಟಿಷ್ ಸೈನ್ಯದ ಅಧಿಕಾರಿಗಳು 1927ರಲ್ಲಿ ಸ್ಕೀ ಕ್ಲಬ್ಬನ್ನು ಕಟ್ಟಿದರು. ಇವೆಲ್ಲ ಪ್ರವಾಸಿಗರ ಕೈಪಿಡಿಗಳಲ್ಲಿವೆ. ನಮ್ಮ ಓದುಗರು ತಿಳಿದಿರಬೇಕಾದದ್ದು ಇನ್ನೊಂದಿದೆ: ಈ ಹಿಮದ ಮೇಲೆ ಭಾರತದ ಸೈನಿಕರಿಗೆ ಸ್ಕೀ ಕಲಿಸುವ ಶಾಲೆ 1948ರ ಡಿಸೆಂಬರಿನಲ್ಲಿ ಆರಂಭವಾದಾಗ ಆ 19ನೆಯ ಪದಾತಿ ವಿಭಾಗದ ದಂಡನಾಯಕರಾಗಿದ್ದವರು ಕೊಡಗಿನ ಕೊಡಂದೇರ ತಿಮ್ಮಯ್ಯನವರು. ತಿಂಗಳ ಹಿಂದೆಯಷ್ಟೆ, ನವೆಂಬರ್ 1ರಂದು, 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಅವರು ಶತ್ರುವನ್ನು ಬೆರಗುಗೊಳಿಸಿದ್ದರು. ಮಂಜೆಂದರೆ ಕಾವಳವೆಂದೇ ತಿಳಿದ ನಾಡಿನವರು ಹಿಮದ ಯುದ್ಧಕ್ಕೆ ಶಾಲೆ ತೆರೆಸಿದರು! ಆ ಶಾಲೆಯೇ ಇಂದು ಎತ್ತರದ ಪ್ರದೇಶಗಳ ಯುದ್ಧವಿದ್ಯಾಲಯವಾಗಿದೆ. ಅದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗದ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಪದಕಗಳನ್ನು ತಂದಿದ್ದಾರೆ.

ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಹೊಸ್ತಿಲಿನ ಆಚೆ ಮೊಣಕಾಲೆತ್ತರದ ಬಿಳಿಯ ಗೋಡೆ. ಆಕಾಶ ತೊಳೆದಂತಿತ್ತು. ನನ್ನ ಮಾರ್ಗದರ್ಶಿ ಆಗಲೇ ಬಂದು ಅಡಿಗೆಮನೆಯ ಒಲೆಯ ಬಳಿ ಫೆರನ್ನಿನೊಳಗೆ ಕೈ ಸೇರಿಸಿಕೊಂಡು ನಿಂತಿದ್ದರು. ಐವತ್ತರ ಹತ್ತಿರದ ವಯಸ್ಸು. ಟಂಗಮರ್ಗದ ಕಡೆಯ ಹಳ್ಳಿಯವರು. ಹಿಂದಿನ ವರ್ಷಗಳಲ್ಲಿ ನನಗೆ ಕಲಿಸಿದವರೂ ಅವರೇ. ನಾನು 'ಉಸ್ತಾದ್‌ಜಿ' ಎನ್ನುತ್ತಿದ್ದೆ. ಅವರು ನನ್ನನ್ನು 'ಮಾಸ್ಟರ್ ಸಾಹೇಬ್' ಎನ್ನುತ್ತಿದ್ದರು. ಇಬ್ಬರೂ ಮೇಷ್ಟರೇ ಎಂಬುದು ನಮ್ಮೊಳಗಿನ ವಿನೋದ.

"ಅರ್ಧ ದಿನ ಮಾತ್ರ, ಮಾಸ್ಟರ್ ಸಾಹೇಬ್" ಎಂದರು. "ಮಧ್ಯಾಹ್ನದ ಮೇಲೆ ನಿಮಗೆ ಬೇರೆ ಕೆಲಸವೆ?" ಎಂದೆ. "ನನಗಲ್ಲ, ಹಿಮಕ್ಕೆ" ಎಂದರು. ಬಿಸಿಲಿಗೆ ಮುಖವೊಡ್ಡಿದ ಇಳಿಜಾರುಗಳಲ್ಲಿ ಹೊಸ ಹಿಮ ಹೊಸದಾಗಿರುವುದು ಹೊತ್ತು ನೆತ್ತಿಗೇರುವ ತನಕ. ಆಮೇಲೆ ಅದು ತೂಕಗೊಳ್ಳುತ್ತದೆ, ಹಲಗೆಗೆ ಅಂಟುತ್ತದೆ.

ಹೊರಡುವ ಮುನ್ನ ಒಂದು ಕ್ರಮ. ಇಬ್ಬರ ಎದೆಗೂ ಸಣ್ಣ ಪ್ರೇಷಕಯಂತ್ರವನ್ನು ಕಟ್ಟಿ, ಒಂದರ ಸಂಜ್ಞೆ ಇನ್ನೊಂದಕ್ಕೆ ಕೇಳುತ್ತದೆಯೇ ಎಂದು ಅವರು ಪರೀಕ್ಷಿಸಿದರು. ಬೆನ್ನಿನ ಚೀಲದಲ್ಲಿ ಮಡಚುವ ಸಲಿಕೆ, ಹಿಮದೊಳಗೆ ತೂರಿಸಿ ಹುಡುಕುವ ಉದ್ದನೆಯ ಕಡ್ಡಿ. ಹಿಮಕುಸಿತದಲ್ಲಿ ಹೂತವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಂಭವ ಹೆಚ್ಚು. ಆಮೇಲೆ ಅದು ಬಲುಬೇಗ ಇಳಿಯುತ್ತದೆ. ಕೆಳಗಿನಿಂದ ಸಹಾಯ ಬರುವುದಕ್ಕೆ ಅಷ್ಟು ಹೊತ್ತು ಸಾಲದು. ಜೊತೆಯಲ್ಲಿರುವವನೇ ಗತಿ.

ಗೊಂಡೋಲಾದ ಮುಂದೆ ಜನಸಂದಣಿ. ಆರು ಜನರನ್ನು ಕೂರಿಸಿಕೊಂಡು ತಂತಿಯ ಮೇಲೆ ಏರುವ ಈ ಗಾಜಿನ ಡಬ್ಬಿಗಳು 1998ರಲ್ಲಿ ಕೊಂಗ್ಡೂರಿಯವರೆಗೆ, 2005ರಲ್ಲಿ ಅಫರ್ವತ್ತಿನ ಹೆಗಲಿನವರೆಗೆ, ಎಂದರೆ ಸುಮಾರು 3,950 ಮೀಟರಿನವರೆಗೆ ಓಡತೊಡಗಿದವು. ಅಂದು ಮೇಲಿನ ಹಂತವನ್ನು ಮುಚ್ಚಿದ್ದರು. ರಾತ್ರಿ ಕೂಡಿದ ಹಿಮವನ್ನು ಗಸ್ತಿನವರು ಸಿಡಿಮದ್ದಿನಿಂದ ಬೇಕೆಂದೇ ಕೆಡವಿ, ಉಳಿದದ್ದು ನಿಲ್ಲುತ್ತದೆಂದು ನಂಬಿಕೆಯಾದ ಮೇಲಷ್ಟೆ ತೆರೆಯುತ್ತಾರೆ. ಬೆಟ್ಟದ ಮೇಲಿನಿಂದ ದೂರದ ಮದುವೆಮನೆಯ ಕದಿನಿಯಂತೆ ಆ ಸದ್ದು ಆಗಾಗ ಕೇಳಿಬರುತ್ತಿತ್ತು. ನಾವು ಕೊಂಗ್ಡೂರಿಯಲ್ಲಿ ಇಳಿದಾಗ ಹತ್ತು ಗಂಟೆ.

ಗಟ್ಟಿ ಹಿಮದಲ್ಲಿ ಕಲಿತ ವಿದ್ಯೆ ಹೊಸ ಹಿಮದಲ್ಲಿ ಹೇಗೆ ಬದಲಾಗುತ್ತದೆಂಬುದನ್ನು ಹೇಳದೆ ಮುಂದೆ ಹೋಗಲಾರೆ. ಗಟ್ಟಿ ನೆಲದಲ್ಲಿ ಮೈಭಾರವನ್ನೆಲ್ಲ ಹೊರಗಿನ ಕಾಲಿಗೆ ಕೊಟ್ಟು ಹಲಗೆಯ ಅಂಚಿನಿಂದ ಹಿಮವನ್ನು ಕೊರೆಯಬೇಕು. ಇಲ್ಲಿ ಹಾಗೆ ಮಾಡಿದರೆ ಆ ಕಾಲು ಒಂಟಿಯಾಗಿ ಮುಳುಗುತ್ತದೆ. ಎರಡೂ ಕಾಲಿಗೆ ಸಮಭಾರ. ಎರಡೂ ಹಲಗೆ ಒಂದೇ ಹಲಗೆಯೆಂಬಂತೆ. ಕೊರೆಯುವುದಕ್ಕೆ ಬದಲು ಮುಳುಗಿ ಏಳಬೇಕು. ಎದ್ದ ಕ್ಷಣದಲ್ಲಿ, ಭಾರ ಕಳೆದುಕೊಂಡಾಗ, ದಿಕ್ಕು ತಿರುಗಬೇಕು. ಹೆದರಿ ನಿಧಾನಿಸಿದರೆ ಹಲಗೆ ತೇಲುವುದಿಲ್ಲ. ಇಳಿಜಾರಿನಲ್ಲಿ ವೇಗವೇ ಅಭಯವೆಂಬುದನ್ನು ಬುದ್ಧಿ ಒಪ್ಪಿದರೂ ಮೊಣಕಾಲು ಬೇಗ ಒಪ್ಪುವುದಿಲ್ಲ.

ಉಸ್ತಾದ್‌ಜಿ ಮೊದಲು ಹೊರಟರು. ಹೊರಟದ್ದು ಕಂಡಿತು, ಸದ್ದು ಕೇಳಲಿಲ್ಲ. ಅವರ ಮೊಣಕಾಲಿನ ಕೆಳಗೆ ಏನೂ ಕಾಣುತ್ತಿರಲಿಲ್ಲ, ಬಿಳಿಯ ಹೊಗೆಯೊಂದು ಸೊಂಟದವರೆಗೆ ಏಳುತ್ತ ಬೀಳುತ್ತ ಅವರನ್ನು ಹೊತ್ತು ಸಾಗುವಂತಿತ್ತು. ಹಿಂದೆ ಉಳಿದದ್ದು ಅಂಕುಡೊಂಕಿನ ಒಂದೇ ಗೆರೆ. ಅಚ್ಚ ಬಿಳಿಯ ಹಾಳೆಯ ಮೇಲೆ ಅಂಥ ಗೆರೆ ಎಳೆದವರನ್ನು ಕಂಡು ಮೇಷ್ಟರಿಗೆ ಹೊಟ್ಟೆಕಿಚ್ಚಾಗದಿದ್ದೀತೆ? ಅದನ್ನು ತುಳಿಯಬಾರದೆಂದು ಮಗ್ಗುಲಿಗೆ ಸರಿದು ನಾನೂ ಬಿಟ್ಟೆ.

ಮೊದಲ ತಿರುವಿನಲ್ಲಿ ಹಿಮ ಎದೆಗೆ ಬಂದಿತು. ಎರಡನೆಯದರಲ್ಲಿ ಮುಖಕ್ಕೆ ಬಂದಿತು. ಬಾಯಿ ಮುಚ್ಚಿರಬೇಕೆಂದು ಯಾರೂ ಹೇಳದೆ ತಿಳಿಯಿತು. ಮೂರನೆಯದು, ನಾಲ್ಕನೆಯದು, ಐದನೆಯದರ ಹೊತ್ತಿಗೆ ನಾನು ಎಣಿಸುವುದನ್ನು ಬಿಟ್ಟಿದ್ದೆ. ನೆಲ ಎಲ್ಲಿದೆಯೆಂದು ಪಾದಕ್ಕೆ ತಿಳಿಯುತ್ತಿರಲಿಲ್ಲ. ತುಂಬಿದ ಕೆರೆಯಲ್ಲಿ ಈಜು ಕಲಿತ ದಿನ ಬೆನ್ನಿಗೆ ಕಟ್ಟಿದ ಸೋರೆಬುರುಡೆಯನ್ನು ಬಿಚ್ಚಿದಾಗ ನೀರೇ ಎತ್ತಿ ಹಿಡಿಯಿತಲ್ಲ, ಅದಕ್ಕೆ ಹತ್ತಿರದ ಅನುಭವ. ಆದರೆ ನೀರಿಗೆ ತಡೆಯಿದೆ, ಇದಕ್ಕೆ ಅದೂ ಇಲ್ಲ. ಕೆಳಗೆ ದೇವದಾರುಗಳ ಸಾಲು ಏರಿ ಬಂದು, ಮರಗಳ ನಡುವಿನ ನೀಲಿ ನೆರಳಿನೊಳಗೆ ನುಗ್ಗಿ, ಉಸ್ತಾದ್‌ಜಿ ನಿಂತಲ್ಲಿ ಸೊಂಟದವರೆಗೆ ಹೂತು ನಿಂತೆ. ಇಬ್ಬರಿಗೂ ನಗು. ಎದ್ದು ಬರಲು ಕೋಲೂರಿದರೆ ಕೋಲು ಹಿಡಿಯವರೆಗೆ ಇಳಿಯುತ್ತದೆ. ಎರಡನ್ನೂ ಅಡ್ಡಲಾಗಿ ಕತ್ತರಿಯಂತಿಟ್ಟು ಅದರ ಮೇಲೆ ಕೈಯೂರಿ ಏಳಬೇಕು. ಅದೂ ಒಂದು ವಿದ್ಯೆ.

ಮತ್ತೊಮ್ಮೆ ಕೊಂಗ್ಡೂರಿಗೆ ಹೋದಾಗಲೂ ಮೇಲಿನ ಹಂತ ತೆರೆದಿರಲಿಲ್ಲ. ಹಲಗೆಯ ತಳಕ್ಕೆ ಹಿಂಜಾರದಂಥ ಪಟ್ಟಿಯನ್ನು ಅಂಟಿಸಿ ಮುಕ್ಕಾಲು ಗಂಟೆ ಏರಿದೆವು. ದೇವದಾರುಗಳು ಹಿಂದುಳಿದು, ಕುಳ್ಳಾದ ಬಿಳಿಯ ಮರಗಳ ತೋಪು ಬಂದಿತು. ತೊಗಟೆ ಪದರು ಪದರಾಗಿ ಸುಲಿದು ಗಾಳಿಗೆ ಕಾಗದದಂತೆ ಪಟಪಟಿಸುತ್ತಿತ್ತು. "ಇದೇನು ಮರ?" ಎಂದೆ. "ಬುರ್ಜ್" ಎಂದರು.

ಭೂರ್ಜ! ಗ್ರಂಥಸಂಪಾದನೆಯ ಪಾಠದಲ್ಲಿ ಎಷ್ಟು ಸಲ 'ಭೂರ್ಜಪತ್ರದ ಪ್ರತಿ' ಎಂದು ಬರೆಸಿಲ್ಲ! ನಮ್ಮಲ್ಲಿ ತಾಳೆಯ ಗರಿಗೆ ಬಂದ ಗೌರವ ಈ ನಾಡಿನಲ್ಲಿ ಈ ತೊಗಟೆಗೆ ಬಂದಿತು. ಅಥರ್ವವೇದದ ಪೈಪ್ಪಲಾದ ಶಾಖೆ ಶತಮಾನಗಳ ಕಾಲ ಕಾಶ್ಮೀರದಲ್ಲಿ ಉಳಿದುಬಂದದ್ದು ಇದರ ಮೇಲೆ. ಆ ಪ್ರತಿ ಈಗ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿದೆ. ನೆಲಕ್ಕೆ ಬಿದ್ದ ಒಂದು ಚೂರನ್ನು ಕೈಗವುಸು ತೆಗೆದು ಮುಟ್ಟಿದೆ. ಒಳಮೈ ಮಗುವಿನ ಕೆನ್ನೆಯ ಬಣ್ಣ. ಹೊರಗೆ ಅಡ್ಡಡ್ಡಲಾಗಿ ಸಣ್ಣ ಗೆರೆಗಳು, ಬರೆಯುವವನಿಗೆಂದೇ ಯಾರೋ ಸಾಲು ಹಾಕಿಟ್ಟಂತೆ.

ತೋಪಿನ ಅಂಚಿನಲ್ಲಿ ಬಯಲು. ಬಯಲೆಂದರೆ ಮೊರದಂತೆ ಬಾಗಿದ, ಒಂದು ಹೆಜ್ಜೆಯ ಗುರುತೂ ಇಲ್ಲದ, ಮಿರುಗುವ ದೊಡ್ಡ ಇಳಿಜಾರು. ಇಡೀ ಬೆಳಗಿನಲ್ಲಿ ಕಂಡ ಹಿಮದಲ್ಲಿ ಅದೇ ಅತ್ಯಂತ ಚೆಲುವಾದದ್ದು. ನನ್ನ ಕಾಲು ತಾನಾಗಿ ಆ ಕಡೆ ತಿರುಗಿತು. ಉಸ್ತಾದ್‌ಜಿ ಕೋಲನ್ನು ಅಡ್ಡಹಿಡಿದು, ಚೀಲದಿಂದ ಸಲಿಕೆ ತೆಗೆದರು.

ಅಂಚಿನಲ್ಲಿಯೇ, ಇಳಿಜಾರು ಇನ್ನೂ ಸೌಮ್ಯವಾಗಿದ್ದ ಕಡೆ, ನೆಲ ಕಾಣುವವರೆಗೆ ಗುಂಡಿ ತೋಡಿದರು. ಗೋಡೆಯನ್ನು ಸಲಿಕೆಯಿಂದ ನಯಗೊಳಿಸಿ, "ಓದಿ, ಮಾಸ್ಟರ್ ಸಾಹೇಬ್" ಎಂದರು. ಮೇಲೆ ಎರಡು ಗೇಣು ಹೊಸ ಹಿಮ, ಬೆರಳು ತಾಗಿದರೆ ಉದುರುವಷ್ಟು ಹಗುರ. ಅದರ ಕೆಳಗೆ ಗಾಳಿ ಬಡಿದು ಗಟ್ಟಿಯಾದ ಒಂದು ಪದರ. ಅದರ ಕೆಳಗೆ ನೆಲದವರೆಗೆ ಒರಟಾದ ಹರಳುಗಳು. ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ಅಂಟಿಲ್ಲ, ಉಂಡೆಯಾಗದು, ಬೆರಳ ಸಂದಿನಿಂದ ಸಕ್ಕರೆಯಂತೆ ಸೋರಿಹೋಯಿತು. "ಚೀನಿ" ಎಂದರು.

ಆ ಸಕ್ಕರೆ ಬಂದದ್ದು ಖಾಲಿ ಜನವರಿಯಿಂದ. ಚಳಿಗಾಲದ ಮೊದಲಿಗೆ ಎತ್ತರದಲ್ಲಿ ಬಿದ್ದ ಹಿಮ ತೆಳ್ಳಗೆ ಉಳಿದಿತ್ತು. ನೆಲದ ಬಿಸುಪು ಕೆಳಗೆ, ಮೋಡವಿಲ್ಲದ ರಾತ್ರಿಗಳ ಕೊರೆಚಳಿ ಮೇಲೆ. ನಡುವೆ ಸಿಕ್ಕ ಹಿಮದೊಳಗಿನ ಆವಿ ಮೇಲಕ್ಕೆ ಸರಿಯುತ್ತ ಹರಳುಗಳನ್ನು ದಪ್ಪಗೊಳಿಸಿ, ಒಂದನ್ನೊಂದು ಹಿಡಿಯುವ ಕೈಗಳನ್ನು ಕಳೆದುಬಿಡುತ್ತದೆ. ಅಂಥ ತಳದ ಮೇಲೆ ಈಗ ಹೊಸ ಹೊರೆ ಬಂದು ಕುಳಿತಿತ್ತು. ಹಿಮ ಬಾರದ ತಿಂಗಳು ಹೊಟ್ಟೆಗೆ ಹೊಡೆದದ್ದು ಸಾಲದೆಂದು, ಹಿಮ ಬಂದ ಮೇಲೂ ಹೀಗೆ ಅಡಿಯಲ್ಲಿ ಕಾದು ಕೂತಿರುತ್ತದೆ. ಇಳಿಜಾರು 30ರಿಂದ 45 ಅಂಶದ ನಡುವೆ ಇದ್ದರೆ ಅಪಾಯ ಹೆಚ್ಚು. ಸ್ಕೀಗೆ ಚೆಲುವಾದ ಇಳಿಜಾರೂ ಬಹುಮಟ್ಟಿಗೆ ಅದೇ.

ಗುಂಡಿಯ ಪಕ್ಕದಲ್ಲಿ ಒಂದು ಕಂಬದಷ್ಟು ಹಿಮವನ್ನು ಕತ್ತರಿಸಿ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಸಲಿಕೆಯನ್ನಿಟ್ಟು ಅಂಗೈಯಿಂದ ತಟ್ಟತೊಡಗಿದರು. ಮೊದಲು ಮಣಿಕಟ್ಟಿನ ಬಲದಿಂದ, ಆಮೇಲೆ ಮೊಣಕೈಯಿಂದ. ಮೊಣಕೈಯ ಮೂರನೆಯ ಏಟಿಗೆ ಮೇಲಿನದೆಲ್ಲ ಒಂದೇ ಹಲಗೆಯಾಗಿ, ಸಕ್ಕರೆಯ ಮೇಲಿನಿಂದ ನುಣ್ಣಗೆ ಜಾರಿ ನನ್ನ ಮೊಣಕಾಲಿಗೆ ಬಂದು ನಿಂತಿತು. ಅವರು ಏನೂ ಹೇಳಲಿಲ್ಲ. ಸಲಿಕೆಯನ್ನು ಒರೆಸಿದರು.

ಆಗ ಮೇಲೆ ಬಂದವರು ಇಬ್ಬರು ವಿದೇಶೀ ತರುಣರು. ಗುಂಡಿಯನ್ನು ನೋಡಿದರು, ಉಸ್ತಾದ್‌ಜಿಯ ಮಾತನ್ನು ಮರ್ಯಾದೆಯಿಂದ ಕೇಳಿದರು. ತಾವು ಒಬ್ಬೊಬ್ಬರಾಗಿ ಹೋಗುವುದಾಗಿ ಹೇಳಿ ಹೋದರು. ಮೊದಲನೆಯವನು ಆ ಬಯಲಿನ ಮಧ್ಯದಲ್ಲಿ ಬರೆದ ಗೆರೆಯಂಥದನ್ನು ನಾನು ಹಿಂದೆ ಕಂಡಿಲ್ಲ. ಎರಡನೆಯವನು ಅದರ ಪಕ್ಕದಲ್ಲಿ ಜೋಡಿಗೆರೆ ಎಳೆದ. ಕೆಳಗಿನಿಂದ ಅವರ ಕೂಗು ಹಕ್ಕಿಯ ದನಿಯಂತೆ ಸಣ್ಣದಾಗಿ ಬಂದಿತು. ಬಯಲು ಅಲುಗಲಿಲ್ಲ. ಅಷ್ಟು ಹೊತ್ತೂ ಉಸ್ತಾದ್‌ಜಿ ಬಿಚ್ಚಿದ ಸಲಿಕೆಯನ್ನು ಕೈಯಲ್ಲಿ ಹಿಡಿದು, ಯಂತ್ರದ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಕಣ್ಣೆವೆಯಿಕ್ಕದೆ ನಿಂತಿದ್ದರು. ಇಬ್ಬರೂ ಮರಗಳೊಳಗೆ ಮರೆಯಾದ ಮೇಲೆ ಸಲಿಕೆಯನ್ನು ಮಡಚಿದರು.

"ಅವರಿಗೇನೂ ಆಗಲಿಲ್ಲವಲ್ಲ" ಎಂದೆ. ದನಿಯಲ್ಲಿ ಆಸೆಯಿತ್ತೆಂದು ಕಾಣುತ್ತದೆ. "ಒಳ್ಳೆಯದಾಯಿತು" ಎಂದರು. ಸ್ವಲ್ಪ ತಡೆದು, "ಈ ಬೆಟ್ಟದಲ್ಲಿ ನಾನು ಎತ್ತಿದವರೆಲ್ಲ ಅದಕ್ಕೆ ಮೊದಲು ಎಷ್ಟೋ ಸಲ ಏನೂ ಆಗದೆ ಇಳಿದವರೇ" ಎಂದರು.

ಇದು ಪುಕ್ಕಲುತನವೆಂದು ಓದುಗರಲ್ಲಿ ಕೆಲವರು ಎನ್ನಬಹುದು. ಅಫರ್ವತ್ತಿನ ಕೆಳಗಿನ ಖಿಲನ್‌ಮರ್ಗದಲ್ಲಿ 2010ರ ಫೆಬ್ರವರಿ 8ರಂದು ಹಿಮ ಕುಸಿದು ತರಬೇತಿಯಲ್ಲಿದ್ದ 17 ಸೈನಿಕರು ಮಡಿದರು. ಹಿಮವನ್ನು ಓದುವುದನ್ನೇ ಕಲಿಸುವ ಶಾಲೆಯವರು. 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಗಾರರು ಸತ್ತರು. ನಾನು ಊರಿಗೆ ಮರಳಿದ ಮೇಲೆ, 2024ರ ಅದೇ ಫೆಬ್ರವರಿಯ 22ರಂದು, ಗುಲ್ಮಾರ್ಗದಲ್ಲಿ ರಾಷ್ಟ್ರದ ಚಳಿಗಾಲದ ಕ್ರೀಡೆಗಳು ನಡೆಯುತ್ತಿದ್ದಾಗಲೇ, ಮೇಲಿನ ಇಳಿಜಾರೊಂದು ಕುಸಿದು ರಷ್ಯದ ಸ್ಕೀಗಾರರೊಬ್ಬರು ತೀರಿಕೊಂಡರು. ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ಆ ಮಿರುಗುವ ಬಯಲಲ್ಲ, ಬೆರಳ ಸಂದಿನಲ್ಲಿ ಸೋರಿದ ಸಕ್ಕರೆ.

ಭೂರ್ಜದ ತೋಪಿನೊಳಗಿಂದ, ಏರಿದ ದಾರಿಯನ್ನೇ ಹಿಡಿದು ಇಳಿದೆವು. ಅದೇನೂ ಕಡಮೆ ಸುಖವಲ್ಲ. ಮರಗಳ ನಡುವೆ ಇಳಿಯುವಾಗ ಮರವನ್ನು ನೋಡಬಾರದು, ಮರಗಳ ನಡುವಿನ ತೆರಪನ್ನು ನೋಡಬೇಕು. ನೋಡಿದ ಕಡೆಗೇ ಹಲಗೆ ಹೋಗುತ್ತದೆ. ಕೊಂಬೆಯ ಮೇಲಿನ ಹಿಮ ಬಿಸಿಲು ತಾಗಿ ದೊಪ್ಪನೆ ಬೀಳಲು ಶುರುವಾಗಿತ್ತು. ಗುಲ್ಮಾರ್ಗದ ಬಯಲಿಗೆ ಬರುವ ಹೊತ್ತಿಗೆ ಹಲಗೆಯ ಅಡಿಯಲ್ಲಿ ಹಿಮದ ಮಾತೇ ಬೇರೆಯಾಗಿತ್ತು: ಬೆಳಗ್ಗೆ ಪಿಸುಗುಟ್ಟುತ್ತಿದ್ದದ್ದು ಈಗ ಗೊಣಗುತ್ತಿತ್ತು.

ಉಳಿದದ್ದು ಒಂದೇ ಇಳಿತ. ಗುಲ್ಮಾರ್ಗದ ಅಂಚಿನಿಂದ ಉತ್ತರಕ್ಕೆ, ದಟ್ಟವಾದ ದೇವದಾರು ಕಾಡಿನ ನೆರಳಿನಲ್ಲಿ, ಬಾಬಾ ರೇಶಿಯ ದರ್ಗಾದವರೆಗೆ. ಬಿಸಿಲು ಕಾಣದ ಆ ಕಾಡಿನಲ್ಲಿ ಹಿಮ ಇನ್ನೂ ಬೆಳಗ್ಗೆಯಂತೆಯೇ ಇತ್ತು. ನರಿಯ ಹೆಜ್ಜೆಯ ಸಾಲೊಂದು ನಮಗಿಂತ ಮೊದಲೇ ದಾರಿ ಹಾಕಿತ್ತು; ಬಹು ದೂರ ಅದನ್ನೇ ಅನುಸರಿಸಿದೆವು. ತೊಡೆಗಳು ಉರಿಯುತ್ತಿದ್ದವು. ಮೇಲಿನ ಬಯಲನ್ನು ಬಿಟ್ಟುಬಂದ ಚಡಪಡಿಕೆ ಯಾವ ಮರದ ಬಳಿ ನನ್ನಿಂದ ಉದುರಿಹೋಯಿತೋ ತಿಳಿಯಲಿಲ್ಲ.

ಬಾಬಾ ಪಯಾಮುದ್ದೀನ್ ರೇಶಿ ಸುಲ್ತಾನ ಜೈನುಲಾಬಿದೀನನ ಕಾಲದವರು. ಸಿರಿವಂತ ದರ್ಬಾರಿಯಾಗಿದ್ದು, ಇರುವೆಗಳು ಚಳಿಗಾಲಕ್ಕೆಂದು ಕಾಳು ಕೂಡಿಡುವುದನ್ನು ಕಂಡು ವಿರಕ್ತರಾದರೆಂದು ಕಥೆ. ರೇಶಿಯೆಂದರೆ ನಮ್ಮ ಋಷಿಯೇ. ಉಸ್ತಾದ್‌ಜಿ ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಬಂದರು. ಹೊರಗಿನ ಅಂಗಡಿಯಲ್ಲಿ ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹ, ಕುಲ್ಚಾ. ಕಾಂಗ್ಡಿಯ ಕೆಂಡದ ಮೇಲೆ ಕೈ ಕಾಯಿಸುತ್ತ ಕುಳಿತೆವು. ಈ ಚಳಿಗಾಲದಲ್ಲಿ ತಮಗೆ ಕೆಲಸ ಸಿಕ್ಕಿದ ದಿನಗಳನ್ನು ಅವರು ಬೆರಳಿನಲ್ಲಿ ಎಣಿಸಿದರು. ಒಂದು ಕೈ ಸಾಕಾಯಿತು. ಮಗ ಬಾರಾಮುಲ್ಲಾದ ಕಾಲೇಜಿನಲ್ಲಿ ಓದುತ್ತಿದ್ದಾನೆ. ಸ್ಕೀ ಚೆನ್ನಾಗಿ ಬಲ್ಲ, ಆದರೆ ಅದನ್ನೇ ನಂಬಿ ಬದುಕು ಎಂದು ಹೇಳುವುದು ಹೇಗೆ ಎಂದರು. ನಾನು ಉತ್ತರ ಹೇಳಲಿಲ್ಲ. ಅವರೂ ಕಾಯಲಿಲ್ಲ.

ಅಷ್ಟರಲ್ಲಿ ಅವರ ಫೋನು ಗುನುಗುಟ್ಟಿತು. ಮೇಲಿನ ಹಂತ ತೆರೆದಿದೆಯಂತೆ, ಯಾರೋ ಮಧ್ಯಾಹ್ನಕ್ಕೆ ಬರುತ್ತೀರಾ ಎಂದು ಕೇಳುತ್ತಿದ್ದರು. ಅವರು ಆಕಾಶವನ್ನೊಮ್ಮೆ, ಬಿಸಿಲಿಗೆ ನೀರಿಳಿಸುತ್ತಿದ್ದ ದರ್ಗಾದ ಸೂರನ್ನೊಮ್ಮೆ ನೋಡಿ, "ನಾಳೆ, ಬೆಳಗ್ಗೆ ಒಂಬತ್ತಕ್ಕೆ" ಎಂದರು. ಟ್ಯಾಕ್ಸಿಯವನು ಹಲಗೆಗಳನ್ನು ಗಾಡಿಯ ನೆತ್ತಿಗೆ ಕಟ್ಟುತ್ತಿದ್ದ. ನನ್ನ ಕಾಲರಿನಲ್ಲಿ ಉಳಿದಿದ್ದ ಹಿಮ ನೀರಾಗಿ ಬೆನ್ನಿಗೆ ಇಳಿಯತೊಡಗಿತ್ತು.